ವರ್ಕ್‌ಶೀಟ್ ನಕಲಿಸಿದಾಗ ಕೆಡುವ ಸೆಲ್ ಉಲ್ಲೇಖಗಳು: ಪತ್ತೆ ಹಚ್ಚುವುದು ಮತ್ತು ಸರಿಪಡಿಸುವುದು

ವರ್ಕ್‌ಶೀಟ್ ಒಂದನ್ನು ನಕಲಿಸಿದ ಕೂಡಲೇ ಸೆಲ್‌ಗಳಲ್ಲಿ #ರೆಫ್! (ಸೂತ್ರ ತೋರಿಸುವ ಸೆಲ್ ಸಿಗುತ್ತಿಲ್ಲ ಎಂಬ ಸೂಚನೆ) ಎಂದು ಕಾಣಿಸಿಕೊಂಡರೆ ಏನೋ ಕೆಟ್ಟಿದೆ ಎಂಬುದು ಯಾರಿಗಾದರೂ ತಿಳಿಯುತ್ತದೆ. ಆ ಅರ್ಥದಲ್ಲಿ ಅದು ಪ್ರಾಮಾಣಿಕವಾದ ದೋಷ. ನಿಜವಾಗಿ ಹಾನಿ ಮಾಡುವುದು ಮತ್ತೊಂದು ಬಗೆಯ ದೋಷ: ಸೆಲ್‌ನಲ್ಲಿ ಸಂಖ್ಯೆ ಇರುತ್ತದೆ, ಅದು ನಂಬುವಂತೆಯೂ ಇರುತ್ತದೆ, ಆದರೆ ಬಂದಿರುವುದು ಹಳೆಯ ಹಾಳೆಯಿಂದ, ಬೇರೆ ಕಡತದಿಂದ ಅಥವಾ ಎಂದೋ ಉಳಿದುಹೋದ ಮೌಲ್ಯದಿಂದ. ಯಾವ ಎಚ್ಚರಿಕೆಯೂ ಬಾರದ ಕಾರಣ ಅದು ವರದಿಯಿಂದ ವರದಿಗೆ ಸಾಗುತ್ತಲೇ ಇರುತ್ತದೆ. ಆದ್ದರಿಂದ ಈ ಬರಹದಲ್ಲಿ ಕಣ್ಣಿಗೆ ಕಾಣುವ ದೋಷಗಳಷ್ಟೇ ಗಮನವನ್ನು ಕಾಣದ ದೋಷಗಳಿಗೂ ಕೊಡಲಾಗಿದೆ.

ವಿವರಣೆ ಮುಖ್ಯವಾಗಿ ಮೈಕ್ರೋಸಾಫ್ಟ್ ಎಕ್ಸೆಲ್‌ಗೆ ಸಂಬಂಧಿಸಿದ್ದು. ಗೂಗಲ್ ಶೀಟ್ಸ್ ಮತ್ತು ಲಿಬ್ರೆಆಫೀಸ್ ಕ್ಯಾಲ್ಕ್‌ಗಳು ಬೇರೆಯಾಗಿ ವರ್ತಿಸುವ ಸಂದರ್ಭಗಳನ್ನು ಕೊನೆಯ ಭಾಗದಲ್ಲಿ ಹೇಳಲಾಗಿದೆ. ಓದಿಗೆ ತೊಡಕಾಗದಿರಲೆಂದು ಸೂತ್ರಗಳನ್ನು ಕನ್ನಡ ಲಿಪಿಯಲ್ಲೇ ಬರೆಯಲಾಗಿದೆ. ಕಂಪ್ಯೂಟರಿನಲ್ಲಿ ಕಾಲಂಗಳ ಮತ್ತು ಫಂಕ್ಷನ್‌ಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕಾಗುತ್ತದೆ.

ಉಲ್ಲೇಖ ಯಾವಾಗ ಬದಲಾಗುತ್ತದೆ, ಯಾವಾಗ ಬದಲಾಗುವುದಿಲ್ಲ

ಸೂತ್ರದಲ್ಲಿ =ಎ1 ಎಂದು ಬರೆದಾಗ ಎಕ್ಸೆಲ್ ಅದನ್ನು ಸ್ಥಿರವಾದ ವಿಳಾಸವೆಂದು ಭಾವಿಸುವುದಿಲ್ಲ; ‘ಇಲ್ಲಿಂದ ಇಷ್ಟು ಸಾಲು ಮೇಲೆ, ಇಷ್ಟು ಕಾಲಂ ಎಡಕ್ಕೆ’ ಎಂಬ ಅಂತರವಾಗಿ ಗ್ರಹಿಸುತ್ತದೆ. ಇದೇ ಸಾಪೇಕ್ಷ ಉಲ್ಲೇಖ. ಸಿ3 ಸೆಲ್‌ನಲ್ಲಿ =ಎ1 ಎಂಬ ಸೂತ್ರವಿದ್ದು, ಅದನ್ನು ನಕಲಿಸಿ ಇನ್ನೊಂದು ಹಾಳೆಯ ಬಿ2 ಸೆಲ್‌ನಲ್ಲಿ ಅಂಟಿಸಿದರೆ #ರೆಫ್! ಬರುತ್ತದೆ. ಬಿ2ರಿಂದ ಎರಡು ಕಾಲಂ ಎಡಕ್ಕೆ ಮತ್ತು ಎರಡು ಸಾಲು ಮೇಲಕ್ಕೆ ಹೋದರೆ ಹಾಳೆಯ ಅಂಚೇ ಮುಗಿದಿರುತ್ತದೆ. ಅಲ್ಲಿ ಸೆಲ್ ಎಂಬುದೇ ಇಲ್ಲ. ಸೆಲ್‌ಗಳನ್ನು ಆಯ್ದು ಬೇರೆ ಹಾಳೆಗೆ ಅಂಟಿಸುವಾಗ ಮೊದಲಿದ್ದ ಸ್ಥಾನಕ್ಕಿಂತ ಮೇಲೆ ಅಥವಾ ಎಡಕ್ಕೆ ಸರಿಸಿದರೆ ಈ ದೋಷ ಬರುವುದು ಸಹಜ. ಸೂತ್ರ ಮೂಲದಲ್ಲಿ ಯಾವ ಸೆಲ್‌ನಲ್ಲಿತ್ತೋ ಹೊಸ ಹಾಳೆಯಲ್ಲೂ ಅದೇ ವಿಳಾಸದ ಸೆಲ್‌ನಲ್ಲಿ ಅಂಟಿಸುವುದು ಇದಕ್ಕಿರುವ ಅತ್ಯಂತ ಸರಳ ಪರಿಹಾರ.

ಕಾಲಂ ಮತ್ತು ಸಾಲಿನ ಮುಂದೆ ಡಾಲರ್ ಚಿಹ್ನೆ ಇಟ್ಟು $ಎ$1 ಎಂದು ಬರೆದರೆ ವಿಳಾಸ ಸ್ಥಿರವಾಗುತ್ತದೆ. ಸೂತ್ರವನ್ನು ತಿದ್ದುವಾಗ ಉಲ್ಲೇಖದ ಮೇಲೆ ಕರ್ಸರ್ ಇಟ್ಟು ಎಫ್4 ಕೀಲಿಯನ್ನು ಮತ್ತೆ ಮತ್ತೆ ಒತ್ತಿದರೆ ಪೂರ್ಣ ಸ್ಥಿರ, ಸಾಲು ಮಾತ್ರ ಸ್ಥಿರ, ಕಾಲಂ ಮಾತ್ರ ಸ್ಥಿರ, ಸಾಪೇಕ್ಷ ಎಂಬ ನಾಲ್ಕು ರೂಪಗಳು ಒಂದರ ಹಿಂದೆ ಒಂದು ಬರುತ್ತವೆ. ಇಲ್ಲಿ ಒಂದು ತಪ್ಪು ಕಲ್ಪನೆ ಬಹಳ ವ್ಯಾಪಕವಾಗಿದೆ. ಡಾಲರ್ ಚಿಹ್ನೆ ಸ್ಥಿರಗೊಳಿಸುವುದು ಸಾಲು ಮತ್ತು ಕಾಲಂಗಳನ್ನೇ ಹೊರತು ಹಾಳೆಯನ್ನಲ್ಲ. ಹಾಳೆಯ ಹೆಸರಿಲ್ಲದ $ಎ$1 ಎಂಬ ಉಲ್ಲೇಖವನ್ನು ಇನ್ನೊಂದು ಹಾಳೆಯಲ್ಲಿ ಅಂಟಿಸಿದರೆ ಅದು ಆ ಇನ್ನೊಂದು ಹಾಳೆಯ ಎ1 ಸೆಲ್ಲನ್ನೇ ತೋರಿಸುತ್ತದೆ. ಮೂಲ ಹಾಳೆಯ ಎ1 ಅನ್ನಲ್ಲ.

ಸೂತ್ರದಲ್ಲಿ ಹಾಳೆಯ ಹೆಸರನ್ನೇ ಬರೆದಿದ್ದರೆ, ಉದಾಹರಣೆಗೆ =ಜನವರಿ!ಬಿ2 ಎಂದಿದ್ದರೆ, ಪರಿಸ್ಥಿತಿ ತಿರುವುಮುರುವು. ಸೆಲ್‌ಗಳನ್ನು ಎಲ್ಲಿಗೆ ನಕಲಿಸಿದರೂ ಹಾಳೆಯ ಹೆಸರು ಬದಲಾಗುವುದಿಲ್ಲ. ಬಿ2 ಎಂಬ ಭಾಗ ಮಾತ್ರ ಅಂತರಕ್ಕೆ ತಕ್ಕಂತೆ ಸರಿಯಬಹುದು. ಒಂದೇ ಹಾಳೆಯೊಳಗಿನ ಸೆಲ್‌ಗೂ ಆ ಹಾಳೆಯ ಹೆಸರನ್ನು ಸೇರಿಸಿ ಸೂತ್ರ ಬರೆದಿರುವುದು ಹಲವು ಕಡತಗಳಲ್ಲಿ ಕಂಡುಬರುತ್ತದೆ. ಸೂತ್ರ ಬರೆಯುವಾಗ ಮಧ್ಯದಲ್ಲಿ ಇನ್ನೊಂದು ಹಾಳೆಗೆ ಹೋಗಿ ಹಿಂದಿರುಗಿ ಸೆಲ್ ಮೇಲೆ ಕ್ಲಿಕ್ ಮಾಡಿದರೆ ಎಕ್ಸೆಲ್ ತಾನಾಗಿಯೇ ಹೆಸರನ್ನು ಸೇರಿಸಿಬಿಡುತ್ತದೆ. ಇಂಥ ಸೂತ್ರಗಳಿರುವ ಭಾಗವನ್ನು ಹೊಸ ಹಾಳೆಗೆ ಅಂಟಿಸಿದಾಗ ಅವೆಲ್ಲವೂ ಹಳೆಯ ಹಾಳೆಯಿಂದಲೇ ಸಂಖ್ಯೆ ತರುತ್ತಿರುತ್ತವೆ. ನಕಲಿಸುವ ಮೊದಲೇ ಮೂಲ ಹಾಳೆಯಲ್ಲಿ ತನ್ನದೇ ಹೆಸರನ್ನು ಹುಡುಕಿ, ‘ಜನವರಿ!’ ಎಂಬಲ್ಲಿ ಏನೂ ಇಲ್ಲದಂತೆ ಬದಲಾಯಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಕಟ್ ಮಾಡಿ ಅಂಟಿಸುವುದು ಕಾಪಿ ಮಾಡಿ ಅಂಟಿಸುವುದಕ್ಕಿಂತ ಬೇರೆ ಎಂಬುದನ್ನೂ ನೆನಪಿಡಬೇಕು. ಕಟ್ ಮಾಡಿದಾಗ ಸೂತ್ರದೊಳಗಿನ ವಿಳಾಸಗಳು ಸರಿಯುವುದಿಲ್ಲ, ಮತ್ತು ಸರಿಸಿದ ಸೆಲ್ಲನ್ನು ಅವಲಂಬಿಸಿದ ಉಳಿದ ಸೂತ್ರಗಳು ಅದರ ಹೊಸ ಜಾಗವನ್ನು ಹಿಂಬಾಲಿಸುತ್ತವೆ. ಆದರೆ ಕಟ್ ಮಾಡಿದ್ದನ್ನು ಬೇರೆ ಸೂತ್ರಗಳು ಬಳಸುತ್ತಿರುವ ಸೆಲ್‌ನ ಮೇಲೆಯೇ ಅಂಟಿಸಿದರೆ ಆ ಸೂತ್ರಗಳಲ್ಲಿ #ರೆಫ್! ಬರುತ್ತದೆ. ಸೂತ್ರವೊಂದನ್ನು ಅಕ್ಷರಶಃ ಹಾಗೆಯೇ ಒಯ್ಯಬೇಕಿದ್ದರೆ ಸೆಲ್ಲನ್ನು ನಕಲಿಸದೆ, ಹಾಳೆಯ ಮೇಲ್ಭಾಗದಲ್ಲಿ ಸೂತ್ರವನ್ನು ತೋರಿಸುವ ಪಟ್ಟಿಯಾದ ಫಾರ್ಮುಲಾ ಬಾರ್‌ನಲ್ಲಿರುವ ಪಠ್ಯವನ್ನು ಆಯ್ದು ನಕಲಿಸಿ ಹೊಸ ಸೆಲ್‌ನ ಫಾರ್ಮುಲಾ ಬಾರ್‌ನಲ್ಲಿ ಅಂಟಿಸಬೇಕು.

ಮೊದಲು ದೋಷವನ್ನು ಓದಿ

ಸರಿಪಡಿಸಲು ಕೈಹಾಕುವ ಮೊದಲು ಎಲ್ಲೆಲ್ಲಿ ಏನಾಗಿದೆ ಎಂದು ನೋಡಬೇಕು. ಹಾಳೆಯನ್ನು ತೆರೆದು ಕಂಟ್ರೋಲ್ ಕೀಲಿಯೊಂದಿಗೆ ` ಚಿಹ್ನೆಯ ಕೀಲಿಯನ್ನು (ಸಾಮಾನ್ಯವಾಗಿ 1 ಅಂಕಿಯ ಎಡಗಡೆ ಇರುತ್ತದೆ) ಒತ್ತಿದರೆ ಮೌಲ್ಯಗಳ ಬದಲು ಸೂತ್ರಗಳೇ ಕಾಣುತ್ತವೆ; ಮತ್ತೊಮ್ಮೆ ಒತ್ತಿದರೆ ಮೊದಲಿನಂತಾಗುತ್ತದೆ. ಒಂದೇ ಸಾಲಿನ ಹತ್ತು ಸೂತ್ರಗಳಲ್ಲಿ ಒಂದು ಮಾತ್ರ ಬೇರೆ ಹಾಳೆಯನ್ನು ತೋರಿಸುತ್ತಿದ್ದರೆ ಅದು ಈ ನೋಟದಲ್ಲಿ ತಕ್ಷಣ ಕಣ್ಣಿಗೆ ಬೀಳುತ್ತದೆ. ದೋಷವಿರುವ ಸೆಲ್‌ಗಳನ್ನಷ್ಟೇ ಒಟ್ಟಿಗೆ ಆಯ್ದುಕೊಳ್ಳಲು ಎಫ್5 ಒತ್ತಿ, ‘ಸ್ಪೆಷಲ್’ ಗುಂಡಿಯನ್ನು ಆರಿಸಿ, ‘ಫಾರ್ಮುಲಾಸ್’ ಅಡಿಯಲ್ಲಿ ‘ಎರರ್ಸ್’ ಒಂದನ್ನು ಮಾತ್ರ ಗುರುತು ಹಾಕಿ ಸರಿ ಎನ್ನಬೇಕು.

#ರೆಫ್! ಎಂಬುದು ಸೂತ್ರದ ಯಾವ ಭಾಗದಲ್ಲಿ ಕುಳಿತಿದೆ ಎಂಬುದನ್ನು ಗಮನಿಸುವವರು ಕಡಿಮೆ. ಆದರೆ ದುರಸ್ತಿ ಸಾಧ್ಯವೇ ಎಂಬುದು ನಿರ್ಧಾರವಾಗುವುದು ಅಲ್ಲಿಯೇ. ಸೂತ್ರ =#ರೆಫ್!ಬಿ2 ಎಂದು ಕಾಣುತ್ತಿದ್ದರೆ ಕಳೆದುಹೋಗಿರುವುದು ಹಾಳೆ. ಸೆಲ್‌ನ ವಿಳಾಸ ಇನ್ನೂ ಉಳಿದಿದೆ. ಅಂದರೆ ಅದು ಅವಲಂಬಿಸಿದ್ದ ಹಾಳೆಯನ್ನು ಯಾರೋ ಅಳಿಸಿದ್ದಾರೆ. ಆ ಹಾಳೆಯನ್ನು ಮತ್ತೆ ತಂದುಕೊಂಡರೆ, ಅಥವಾ ಅದೇ ರಚನೆಯ ಬೇರೆ ಹಾಳೆ ಇದ್ದರೆ, ಕಂಟ್ರೋಲ್ ಮತ್ತು ಎಚ್ ಒತ್ತಿ ಫೈಂಡ್ ಅಂಡ್ ರಿಪ್ಲೇಸ್ ತೆರೆದು ‘#ರೆಫ್!’ ಎಂಬುದನ್ನು ‘ಜನವರಿ!’ ಎಂದು ಬದಲಾಯಿಸಿದರೆ ನೂರಾರು ಸೂತ್ರಗಳು ಒಮ್ಮೆಗೇ ಜೀವ ಪಡೆಯುತ್ತವೆ. ಆದರೆ ಒಂದೇ ಸೂತ್ರ ಅಳಿಸಿಹೋದ ಎರಡು ಬೇರೆ ಬೇರೆ ಹಾಳೆಗಳನ್ನು ಬಳಸುತ್ತಿದ್ದರೆ ಈ ಉಪಾಯ ಕೂಡದು. ಎರಡೂ ಕಡೆ ಒಂದೇ ಹಾಳೆಯ ಹೆಸರು ಬಂದುಬಿಡುತ್ತದೆ.

ಸೂತ್ರ =ಜನವರಿ!#ರೆಫ್! ಎಂದಿದ್ದರೆ ಹಾಳೆ ಇದೆ, ಸೆಲ್ ಹೋಗಿದೆ. ಸಾಲು ಅಥವಾ ಕಾಲಂ ಅಳಿಸಲಾಗಿದೆ ಅಥವಾ ಅಂತರ ಹಾಳೆಯ ಅಂಚನ್ನು ದಾಟಿದೆ. ಇಲ್ಲಿ ಬದಲಾಯಿಸಲು ಉಳಿದ ಸುಳಿವೇ ಇಲ್ಲ. ಮೂಲ ಹಾಳೆಯ ಅದೇ ಸೆಲ್‌ನ ಸೂತ್ರವನ್ನು ಪಕ್ಕದಲ್ಲಿಟ್ಟುಕೊಂಡು ಕೈಯಾರೆ ಬರೆಯಬೇಕು, ಅಥವಾ ಅದೇ ಸಾಲಿನಲ್ಲಿ ಕೆಡದೆ ಉಳಿದ ಸೂತ್ರವೊಂದನ್ನು ಎಳೆದು ತುಂಬಬೇಕು. ಪಟ್ಟಿಯೊಂದರಲ್ಲಿ ಹುಡುಕಿ ಮೌಲ್ಯ ತರುವ ವಿಲುಕಪ್ ಸೂತ್ರದಲ್ಲಿ ಮಾತ್ರ ಉಲ್ಲೇಖಗಳೆಲ್ಲ ಸರಿಯಿದ್ದರೂ #ರೆಫ್! ಬರಬಹುದು: ಹುಡುಕುವ ವ್ಯಾಪ್ತಿಯಲ್ಲಿ ಮೂರು ಕಾಲಂ ಇದ್ದು ನಾಲ್ಕನೆಯ ಕಾಲಂನ ಮೌಲ್ಯ ಕೇಳಿದರೆ ಹೀಗಾಗುತ್ತದೆ. ನಕಲಿಸಿದ ಹಾಳೆಯಲ್ಲಿ ಬೇಡವೆಂದು ಕಾಲಂ ಒಂದನ್ನು ಅಳಿಸಿದಾಗ ಇದು ಆಗಾಗ ಎದುರಾಗುತ್ತದೆ.

ಹಿಂದಿನ ತಿಂಗಳನ್ನು ಅವಲಂಬಿಸಿದ ಹಾಳೆಗಳು

ಸದ್ದಿಲ್ಲದ ದೋಷಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಇಲ್ಲ. ತಿಂಗಳಿಗೊಂದು ಹಾಳೆ ಇದೆ ಎನ್ನಿ. ಮಾರ್ಚ್ ಹಾಳೆಯ ಆರಂಭಿಕ ಶಿಲ್ಕು =ಫೆಬ್ರವರಿ!ಎಫ್40 ಎಂಬ ಸೂತ್ರದಿಂದ ಬರುತ್ತದೆ. ತಿಂಗಳು ಮುಗಿದ ಮೇಲೆ ಮಾರ್ಚ್ ಹಾಳೆಯನ್ನು ನಕಲಿಸಿ, ಹೊಸದಕ್ಕೆ ಏಪ್ರಿಲ್ ಎಂದು ಹೆಸರಿಟ್ಟು, ಒಳಗಿನ ನಮೂದುಗಳನ್ನು ಖಾಲಿ ಮಾಡಿ ಕೆಲಸ ಆರಂಭಿಸುತ್ತೇವೆ. ಆದರೆ ಏಪ್ರಿಲ್ ಹಾಳೆಯ ಆರಂಭಿಕ ಶಿಲ್ಕು ಈಗಲೂ =ಫೆಬ್ರವರಿ!ಎಫ್40 ಎಂದೇ ಇದೆ. ಹಿಂದಿನ ಹಾಳೆ ಎಂಬ ಅರ್ಥ ಎಕ್ಸೆಲ್‌ಗೆ ತಿಳಿಯದು. ಅದಕ್ಕೆ ಗೊತ್ತಿರುವುದು ಫೆಬ್ರವರಿ ಎಂಬ ಹೆಸರಿನ ಹಾಳೆ ಮಾತ್ರ. ದೋಷದ ಸಂದೇಶ ಬರುವುದಿಲ್ಲ, ಸಂಖ್ಯೆಯೂ ಅಸಹಜವಾಗಿ ತೋರುವುದಿಲ್ಲ, ಒಂದು ತಿಂಗಳ ವ್ಯವಹಾರವೇ ಲೆಕ್ಕದಿಂದ ಬಿಟ್ಟುಹೋಗಿರುತ್ತದೆ.

ಸರಿಪಡಿಸಲು ಹೊಸ ಹಾಳೆಯಲ್ಲಿ ನಿಂತು ಫೈಂಡ್ ಅಂಡ್ ರಿಪ್ಲೇಸ್ ತೆರೆಯಬೇಕು. ಆಪ್ಷನ್ಸ್ ಗುಂಡಿಯನ್ನು ಒತ್ತಿ, ‘ವಿದಿನ್’ ಎಂಬಲ್ಲಿ ‘ಶೀಟ್’ ಎಂಬುದೇ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಅಲ್ಲಿ ‘ವರ್ಕ್‌ಬುಕ್’ (ಹಾಳೆಗಳೆಲ್ಲ ಇರುವ ಇಡೀ ಕಡತ) ಎಂದಿದ್ದರೆ ಮಾರ್ಚ್ ಹಾಳೆಯ ಸರಿಯಾದ ಸೂತ್ರವೂ ಬದಲಾಗಿ, ಮಾರ್ಚ್ ತನ್ನನ್ನೇ ತಾನು ಅವಲಂಬಿಸುವಂತಾಗುತ್ತದೆ. ನಂತರ ‘ಫೆಬ್ರವರಿ!’ ಎಂಬುದನ್ನು ‘ಮಾರ್ಚ್!’ ಎಂದು ಬದಲಾಯಿಸಬೇಕು. ಕೊನೆಯ ಆಶ್ಚರ್ಯಸೂಚಕ ಚಿಹ್ನೆಯನ್ನು ಸೇರಿಸಿಯೇ ಹುಡುಕುವುದು ಮುಖ್ಯ. ಶೀಟ್1 ಎಂದಷ್ಟೇ ಹುಡುಕಿದರೆ ಶೀಟ್10, ಶೀಟ್11ರ ಒಳಗಿನ ಅದೇ ಅಕ್ಷರಗಳೂ ಬದಲಾಗುತ್ತವೆ, ಶೀಟ್1! ಎಂದು ಹುಡುಕಿದರೆ ಆ ಅಪಾಯವಿಲ್ಲ. ಹಾಳೆಯ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಸೂತ್ರದಲ್ಲಿ ಅದು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇರಬೇಕು. ಆದ್ದರಿಂದ ಹೆಸರನ್ನು ನೆನಪಿನಿಂದ ಟೈಪ್ ಮಾಡುವ ಬದಲು ಫಾರ್ಮುಲಾ ಬಾರ್‌ನಿಂದಲೇ ನಕಲಿಸಿ ಹುಡುಕಾಟದ ಪೆಟ್ಟಿಗೆಯಲ್ಲಿ ಅಂಟಿಸುವುದು ಸುರಕ್ಷಿತ. ಕೆಳಗೆ ಒಂದಕ್ಕಿಂತ ಹೆಚ್ಚು ಹಾಳೆಗಳ ಟ್ಯಾಬ್ ಆಯ್ಕೆಯಾಗಿದ್ದರೆ ಬದಲಾವಣೆ ಆಯ್ಕೆಯಾದ ಎಲ್ಲ ಹಾಳೆಗಳಿಗೂ ತಗಲುತ್ತದೆ. ಮೊದಲು ಆ ಗುಂಪನ್ನು ಬಿಡಿಸಬೇಕು.

ಇದೇ ಸಂದರ್ಭದಲ್ಲಿ ಎದುರಿನ ದಿಕ್ಕಿನಿಂದಲೂ ನೋಡಬೇಕು. ವಾರ್ಷಿಕ ಸಾರಾಂಶದ ಹಾಳೆಯೊಂದು ಜನವರಿಯಿಂದ ಮಾರ್ಚ್‌ವರೆಗಿನ ಸೆಲ್‌ಗಳನ್ನು ಒಂದೊಂದಾಗಿ ಕೂಡುತ್ತಿದ್ದರೆ, ಹೊಸದಾಗಿ ಬಂದ ಏಪ್ರಿಲ್ ಹಾಳೆಯ ವಿಷಯ ಅದಕ್ಕೆ ತಿಳಿದೇ ಇರುವುದಿಲ್ಲ. ಅಲ್ಲಿ =ಸಮ್(ಜನವರಿ:ಮಾರ್ಚ್!ಎಫ್40) ಎಂಬಂಥ, ಹಾಳೆಗಳ ಸಾಲನ್ನೇ ವ್ಯಾಪ್ತಿಯಾಗಿಸಿದ ಸೂತ್ರವಿದ್ದರೆ, ಟ್ಯಾಬ್‌ಗಳ ಸಾಲಿನಲ್ಲಿ ಜನವರಿ ಮತ್ತು ಮಾರ್ಚ್‌ಗಳ ನಡುವೆ ಇರುವ ಪ್ರತಿಯೊಂದು ಹಾಳೆಯೂ ಲೆಕ್ಕಕ್ಕೆ ಬರುತ್ತದೆ. ಮಾರ್ಚ್ ಟ್ಯಾಬ್‌ನ ಬಲಕ್ಕೆ ಇಟ್ಟ ಏಪ್ರಿಲ್ ಸೇರುವುದಿಲ್ಲ. ಪರೀಕ್ಷೆಗೆಂದು ನಕಲಿಸಿ ನಡುವೆ ಬಿಟ್ಟ ಹಾಳೆಯೂ ಸೇರಿಬಿಡುತ್ತದೆ. ಆರಂಭ ಮತ್ತು ಅಂತ್ಯ ಎಂಬ ಎರಡು ಖಾಲಿ ಹಾಳೆಗಳನ್ನಿಟ್ಟು, ತಿಂಗಳ ಹಾಳೆಗಳನ್ನೆಲ್ಲ ಅವುಗಳ ನಡುವೆ ಇರಿಸಿ, ಸೂತ್ರದಲ್ಲಿ ಆ ಎರಡು ಹೆಸರುಗಳನ್ನೇ ಬಳಸಿದರೆ ಪ್ರತಿ ತಿಂಗಳು ಸೂತ್ರ ತಿದ್ದುವ ಅಗತ್ಯ ಬೀಳುವುದಿಲ್ಲ.

ಇನ್ನೊಂದು ವರ್ಕ್‌ಬುಕ್‌ಗೆ ನಕಲಿಸಿದಾಗ

ಹಾಳೆಯ ಟ್ಯಾಬ್ ಮೇಲೆ ಬಲ ಕ್ಲಿಕ್ ಮಾಡಿ, ‘ಮೂವ್ ಆರ್ ಕಾಪಿ’ ಆರಿಸಿ, ಬೇರೆ ವರ್ಕ್‌ಬುಕ್ ತೋರಿಸಿ, ‘ಕ್ರಿಯೇಟ್ ಎ ಕಾಪಿ’ಗೆ ಗುರುತು ಹಾಕಿ ನಕಲಿಸಿದೆವು ಎಂದುಕೊಳ್ಳೋಣ. ಆ ಹಾಳೆಯೊಳಗೇ ಸುತ್ತುವ ಸೂತ್ರಗಳು ಸರಿಯಾಗಿಯೇ ಬರುತ್ತವೆ. ಮೂಲ ವರ್ಕ್‌ಬುಕ್‌ನ ಬೇರೆ ಹಾಳೆಗಳನ್ನು ಅವಲಂಬಿಸಿದ ಸೂತ್ರಗಳು ಮಾತ್ರ =[ಲೆಕ್ಕ.ಎಕ್ಸ್‌ಎಲ್‌ಎಸ್‌ಎಕ್ಸ್]ದರಗಳು!ಬಿ2 ಎಂಬಂತೆ ಹೊರಗಿನ ಕಡತಕ್ಕೆ ಕೊಂಡಿಯಾಗುತ್ತವೆ. ಹೊಸ ವರ್ಕ್‌ಬುಕ್‌ನಲ್ಲಿಯೂ ‘ದರಗಳು’ ಎಂಬ ಹಾಳೆ ಇದ್ದರೂ ಎಕ್ಸೆಲ್ ಅದನ್ನು ಬಳಸುವುದಿಲ್ಲ. ಕೊಂಡಿಯಾದ ಸೂತ್ರ ಕೊನೆಯ ಬಾರಿ ಓದಿದ ಮೌಲ್ಯವನ್ನು ತನ್ನಲ್ಲಿ ಉಳಿಸಿಕೊಂಡಿರುವುದರಿಂದ ಮೂಲ ಕಡತ ಇಲ್ಲದ ಕಂಪ್ಯೂಟರಿನಲ್ಲಿಯೂ ಸಂಖ್ಯೆ ಕಾಣುತ್ತಲೇ ಇರುತ್ತದೆ. ‘ಮೂಲದಿಂದ ಹೊಸ ಮಾಹಿತಿ ತರಲೇ’ ಎಂದು ಕಡತ ತೆರೆಯುವಾಗ ಬರುವ ಪ್ರಶ್ನೆಯನ್ನು ಓದದೆ ಮುಚ್ಚಿದವರಿಗೆ ಇದು ತಿಳಿಯುವುದೇ ಇಲ್ಲ.

ಸರಿಪಡಿಸುವ ಮೂರು ದಾರಿಗಳಿವೆ, ಮೂರೂ ಸಮಾನವಲ್ಲ. ಮೊದಲನೆಯದನ್ನು ನಾನು ಹೆಚ್ಚು ನಂಬುತ್ತೇನೆ: ಹೊಸ ವರ್ಕ್‌ಬುಕ್ಕನ್ನು ಹೆಸರು ಕೊಟ್ಟು ಉಳಿಸಿಕೊಂಡು, ‘ಡೇಟಾ’ ಟ್ಯಾಬ್‌ನಲ್ಲಿ ‘ಎಡಿಟ್ ಲಿಂಕ್ಸ್’ ತೆರೆಯಬೇಕು, ಇತ್ತೀಚಿನ ಆವೃತ್ತಿಗಳಲ್ಲಿ ಇದರ ಹೆಸರು ‘ವರ್ಕ್‌ಬುಕ್ ಲಿಂಕ್ಸ್’. ಅಲ್ಲಿ ಹಳೆಯ ಕಡತದ ಹೆಸರನ್ನು ಆಯ್ದು ‘ಚೇಂಜ್ ಸೋರ್ಸ್’ ಒತ್ತಿ, ಮೂಲವಾಗಿ ಇದೇ ಹೊಸ ವರ್ಕ್‌ಬುಕ್ಕನ್ನೇ ತೋರಿಸಬೇಕು. ಆಗ ಚೌಕಾವರಣದೊಳಗಿನ ಕಡತದ ಹೆಸರು ಮಾಯವಾಗಿ ಸೂತ್ರಗಳೆಲ್ಲ ಒಳಗಿನ ಹಾಳೆಗಳನ್ನೇ ತೋರಿಸುತ್ತವೆ. ಇದಕ್ಕೆ ಮುಂಚೆ ಸೂತ್ರಗಳಲ್ಲಿ ಹೆಸರಿಸಿದ ಹಾಳೆಗಳೆಲ್ಲ ಅದೇ ಹೆಸರಿನಲ್ಲಿ, ಅದೇ ರಚನೆಯಲ್ಲಿ ಹೊಸ ವರ್ಕ್‌ಬುಕ್‌ನಲ್ಲಿ ಇವೆಯೇ ಎಂದು ನೋಡಿಕೊಂಡಿರಬೇಕು.

ಎರಡನೆಯದು ಹುಡುಕಿ ಬದಲಾಯಿಸುವುದು. ‘[ಲೆಕ್ಕ.ಎಕ್ಸ್‌ಎಲ್‌ಎಸ್‌ಎಕ್ಸ್]’ ಎಂಬುದನ್ನು ಹುಡುಕಿ, ಬದಲಿಯ ಪೆಟ್ಟಿಗೆಯನ್ನು ಖಾಲಿ ಬಿಡಬೇಕು. ಮೂಲ ಕಡತ ಮುಚ್ಚಿದ್ದರೆ ಸೂತ್ರದಲ್ಲಿ ಅದು ಇರುವ ಫೋಲ್ಡರ್‌ನ ಪೂರ್ಣ ದಾರಿಯೂ ಸೇರಿರುವುದರಿಂದ, ಮೊದಲು ಅದನ್ನು ತೆರೆದಿಟ್ಟುಕೊಂಡರೆ ಆ ದಾರಿ ಹೋಗಿ ಕಡತದ ಹೆಸರಷ್ಟೇ ಉಳಿಯುತ್ತದೆ, ಹುಡುಕಾಟ ಸುಲಭವಾಗುತ್ತದೆ. ಬದಲಾಯಿಸುವಾಗ ಕಡತ ಆಯ್ಕೆ ಮಾಡಲು ಕೇಳುವ ಕಿಟಕಿಯೊಂದು ಇದ್ದಕ್ಕಿದ್ದಂತೆ ತೆರೆದುಕೊಂಡರೆ, ಸೂತ್ರ ಹೇಳುವ ಹೆಸರಿನ ಹಾಳೆ ಇಲ್ಲಿಲ್ಲ ಎಂದರ್ಥ. ಕೆಲಸ ನಿಲ್ಲಿಸಿ ಹಾಳೆಯ ಹೆಸರನ್ನು ಸರಿಮಾಡಿ ಮುಂದುವರಿಯಬೇಕು.

ಮೂರನೆಯದು ‘ಬ್ರೇಕ್ ಲಿಂಕ್’. ಇದನ್ನು ದುರಸ್ತಿ ಎಂದು ಭಾವಿಸಿ ಬಳಸುವವರು ಬಹಳ. ಅದು ಕೊಂಡಿಯನ್ನು ಸರಿಪಡಿಸುವುದಿಲ್ಲ. ಸೂತ್ರವನ್ನೇ ತೆಗೆದು ಆ ಕ್ಷಣದ ಮೌಲ್ಯವನ್ನು ಅಲ್ಲಿ ಅಚ್ಚೊತ್ತುತ್ತದೆ, ಮತ್ತು ಹಿಂದಿರುಗಿಸಲು ಅವಕಾಶ ಕೊಡುವುದಿಲ್ಲ. ಮುಗಿದ ವರದಿಯೊಂದನ್ನು ಹೊರಗಿನವರಿಗೆ ಕಳುಹಿಸುವಾಗ ಅದು ಸರಿಯಾದ ಆಯ್ಕೆ. ಇನ್ನೂ ಲೆಕ್ಕ ಹಾಕಬೇಕಾದ ಕಡತದಲ್ಲಿ ಅಲ್ಲ.

ತೊಂದರೆಯನ್ನು ಆರಂಭದಲ್ಲೇ ತಪ್ಪಿಸುವುದು ಇವೆಲ್ಲಕ್ಕಿಂತ ಸುಲಭ. ಪರಸ್ಪರ ಅವಲಂಬಿಸಿದ ಹಾಳೆಗಳನ್ನೆಲ್ಲ ಕಂಟ್ರೋಲ್ ಹಿಡಿದು ಒಟ್ಟಿಗೆ ಆಯ್ದು ಒಂದೇ ಬಾರಿಗೆ ನಕಲಿಸಿದರೆ ಅವುಗಳ ನಡುವಿನ ಉಲ್ಲೇಖಗಳು ಹೊರಗಿನ ಕೊಂಡಿಗಳಾಗುವುದಿಲ್ಲ. ಒಂದೊಂದಾಗಿ ನಕಲಿಸಿದರೆ ಆಗುತ್ತವೆ. ಆ ಹಾಳೆಗಳಲ್ಲಿ ಎಕ್ಸೆಲ್ ಟೇಬಲ್ (ಟೇಬಲ್ ಎಂದು ಗುರುತಿಸಿ ಹೆಸರಿಟ್ಟ ಸೆಲ್‌ಗಳ ಗುಂಪು) ಇದ್ದರೆ ಮಾತ್ರ ಹಾಳೆಗಳ ಗುಂಪನ್ನು ನಕಲಿಸಲು ಎಕ್ಸೆಲ್ ಒಪ್ಪುವುದಿಲ್ಲ. ಆಗ ಇಡೀ ವರ್ಕ್‌ಬುಕ್ಕನ್ನೇ ಬೇರೆ ಹೆಸರಿನಲ್ಲಿ ಉಳಿಸಿ, ಬೇಡದ ಹಾಳೆಗಳನ್ನು ಅದರಿಂದ ಅಳಿಸುವುದು ಉತ್ತಮ. ಅಳಿಸುವ ಮೊದಲು ಉಳಿಯಲಿರುವ ಹಾಳೆಗಳಲ್ಲಿ ಆ ಹಾಳೆಯ ಹೆಸರು ಬಳಕೆಯಾಗಿದೆಯೇ ಎಂದು ಹುಡುಕಿ ನೋಡಬೇಕು. ‘ಕ್ರಿಯೇಟ್ ಎ ಕಾಪಿ’ಗೆ ಗುರುತು ಹಾಕಲು ಮರೆತರೆ ಹಾಳೆ ನಕಲಾಗದೆ ಸ್ಥಳಾಂತರವಾಗುತ್ತದೆ, ಆಗ ಮೂಲ ವರ್ಕ್‌ಬುಕ್‌ನ ಸೂತ್ರಗಳೇ ಹೊಸ ಕಡತಕ್ಕೆ ಕೊಂಡಿಯಾಗುತ್ತವೆ.

ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಕಡತಕ್ಕೆ ಹೊಸ ಮಾದರಿಯ ಹಾಳೆಯನ್ನು ನಕಲಿಸಲು ಆಗುವುದಿಲ್ಲ. ಎಕ್ಸೆಲ್ 2007ರಿಂದ ಬಂದ ಮಾದರಿಯಲ್ಲಿ 10,48,576 ಸಾಲುಗಳೂ 16,384 ಕಾಲಂಗಳೂ ಇದ್ದರೆ, ಹಳೆಯದರಲ್ಲಿ 65,536 ಸಾಲು ಮತ್ತು 256 ಕಾಲಂ ಮಾತ್ರ ಇವೆ. ಹಳೆಯ ಕಡತವನ್ನು ಹೊಸ ಮಾದರಿಯಲ್ಲಿ ಉಳಿಸಿ, ಮುಚ್ಚಿ, ಮತ್ತೆ ತೆರೆದು ಪ್ರಯತ್ನಿಸಬೇಕು.

ಹೆಸರುಗಳು, ಟೇಬಲ್‌ಗಳು ಮತ್ತು ಅಡಗಿದ ಕೊಂಡಿಗಳು

ಸೆಲ್‌ಗೆ ಕೊಟ್ಟ ಹೆಸರುಗಳಿಗೆ ವ್ಯಾಪ್ತಿ ಎಂಬುದಿದೆ: ಇಡೀ ವರ್ಕ್‌ಬುಕ್‌ಗೆ ಸೇರಿದ್ದು ಅಥವಾ ಒಂದು ಹಾಳೆಗೆ ಸೇರಿದ್ದು. ಜನವರಿ ಹಾಳೆಯ ಬಿ1 ಸೆಲ್‌ಗೆ ‘ದರ’ ಎಂಬ ವರ್ಕ್‌ಬುಕ್ ವ್ಯಾಪ್ತಿಯ ಹೆಸರಿದ್ದು ಆ ಹಾಳೆಯನ್ನು ಅದೇ ವರ್ಕ್‌ಬುಕ್‌ನಲ್ಲಿ ನಕಲಿಸಿದರೆ, ನಕಲಿಗೂ ‘ದರ’ ಎಂಬ ಇನ್ನೊಂದು ಹೆಸರು ಹುಟ್ಟುತ್ತದೆ. ಅದರ ವ್ಯಾಪ್ತಿ ನಕಲಿ ಹಾಳೆ ಮಾತ್ರ, ಅದು ತೋರಿಸುವುದು ನಕಲಿನ ಬಿ1 ಸೆಲ್ಲನ್ನು. ಹೀಗೆ ಒಂದೇ ಹೆಸರು ಎರಡು ಹಾಳೆಗಳಲ್ಲಿ ಎರಡು ಸೆಲ್‌ಗಳನ್ನು ಸೂಚಿಸತೊಡಗುತ್ತದೆ. ಮೂಲದಲ್ಲಿ ದರ ಬದಲಾಯಿಸಿದರೂ ನಕಲಿನ ಲೆಕ್ಕ ಹಳೆಯ ದರದಲ್ಲೇ ನಿಂತಿರುತ್ತದೆ. ಕಂಟ್ರೋಲ್ ಮತ್ತು ಎಫ್3 ಒತ್ತಿ ನೇಮ್ ಮ್ಯಾನೇಜರ್ ತೆರೆದರೆ ‘ಸ್ಕೋಪ್’ ಕಾಲಂನಲ್ಲಿ ಇದು ಕಾಣುತ್ತದೆ. ಬೇಡದ ಹೆಸರನ್ನು ಅಳಿಸಿ, ಅದನ್ನು ಬಳಸುತ್ತಿದ್ದ ಸೂತ್ರಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕು. ಎಲ್ಲ ಹಾಳೆಗಳಿಗೂ ಸಮಾನವಾದ ದರ, ಪ್ರಮಾಣ, ದಿನಾಂಕಗಳನ್ನು ಎಂದಿಗೂ ನಕಲಿಸದ ಪ್ರತ್ಯೇಕ ಹಾಳೆಯೊಂದರಲ್ಲಿ ಇಡುವುದೇ ಇದಕ್ಕೆ ಶಾಶ್ವತ ಪರಿಹಾರ ಎಂಬುದು ನನ್ನ ಅಭಿಪ್ರಾಯ.

ಬೇರೆ ವರ್ಕ್‌ಬುಕ್‌ಗೆ ನಕಲಿಸುವಾಗ ಅಲ್ಲಿ ಈಗಾಗಲೇ ಅದೇ ಹೆಸರಿದ್ದರೆ ಎಕ್ಸೆಲ್ ಪ್ರಶ್ನೆ ಕೇಳುತ್ತದೆ. ‘ಯೆಸ್’ ಎಂದರೆ ಗುರಿ ವರ್ಕ್‌ಬುಕ್‌ನಲ್ಲಿರುವ ಹೆಸರೇ ಬಳಕೆಯಾಗುತ್ತದೆ. ‘ನೋ’ ಎಂದರೆ ಬರುತ್ತಿರುವ ಹೆಸರಿಗೆ ಬೇರೆ ಹೆಸರು ಕೊಡಬೇಕಾಗುತ್ತದೆ. ಸಂದೇಶಗಳ ಸುರಿಮಳೆಗೆ ಬೇಸತ್ತು ಎಲ್ಲಕ್ಕೂ ಒಂದೇ ಉತ್ತರ ಒತ್ತುವುದು ಅಪಾಯಕಾರಿ, ಏಕೆಂದರೆ ಹೆಸರು ಒಂದೇ ಆಗಿದ್ದರೂ ಅರ್ಥ ಬೇರೆ ಇರಬಹುದು. ಹಾಳೆಯನ್ನಲ್ಲದೆ ಸೆಲ್‌ಗಳನ್ನಷ್ಟೇ ಒಯ್ದಾಗ #ನೇಮ್? ಕಾಣಿಸಿದರೆ ಆ ಹೆಸರು ಹೊಸ ವರ್ಕ್‌ಬುಕ್‌ನಲ್ಲಿ ಇಲ್ಲವೆಂದು ತಿಳಿಯಬೇಕು.

ಟೇಬಲ್‌ಗಳ ಹೆಸರು ಒಂದು ವರ್ಕ್‌ಬುಕ್‌ನಲ್ಲಿ ಎರಡು ಬಾರಿ ಬರುವಂತಿಲ್ಲ. ಆದ್ದರಿಂದ ಹಾಳೆ ನಕಲಾದಾಗ ಅದರ ಟೇಬಲ್‌ಗೆ ಎಕ್ಸೆಲ್ ಹೊಸ ಹೆಸರನ್ನು ತಾನೇ ಕೊಡುತ್ತದೆ, ಬೇರೆ ಹಾಳೆಗಳ ಸೂತ್ರಗಳು ಹಳೆಯ ಟೇಬಲ್ಲನ್ನೇ ಹಿಡಿದಿರುತ್ತವೆ. ನಕಲಾದ ಕೂಡಲೇ ‘ಟೇಬಲ್ ಡಿಸೈನ್’ ಟ್ಯಾಬ್‌ನಲ್ಲಿ ಅರ್ಥವಾಗುವ ಹೆಸರು ಕೊಟ್ಟುಬಿಡಿ.

ಕೊಂಡಿಗಳ ಪಟ್ಟಿಯಲ್ಲಿ ಹಳೆಯ ಕಡತದ ಹೆಸರು ಉಳಿದಿದ್ದು, ಸೂತ್ರಗಳಲ್ಲಿ ಎಷ್ಟು ಹುಡುಕಿದರೂ ಸಿಗದಿದ್ದರೆ, ಅದು ಸೆಲ್‌ಗಳ ಹೊರಗೆ ಅಡಗಿದೆ. ಹುಡುಕುವಾಗ ಬರೀ ಚೌಕಾವರಣವನ್ನು ಹುಡುಕಿದರೆ ಟೇಬಲ್ ಉಲ್ಲೇಖಗಳೂ ಸಿಗುತ್ತವೆಯಾದ್ದರಿಂದ, ಕಡತದ ಹೆಸರಿನ ಕೊನೆಯಲ್ಲಿ ಬರುವ ಚುಕ್ಕೆಯನ್ನೂ ಅದರ ಮುಂದಿನ ಎಕ್ಸ್‌ಎಲ್ ಅಕ್ಷರಗಳನ್ನೂ ಸೇರಿಸಿ ಇಡೀ ವರ್ಕ್‌ಬುಕ್‌ನಲ್ಲಿ ಹುಡುಕುವುದು ಮೇಲು. ಅದಾದ ಮೇಲೆ ನೇಮ್ ಮ್ಯಾನೇಜರ್‌ನ ‘ರೆಫರ್ಸ್ ಟು’ ಕಾಲಂ, ಡೇಟಾ ವ್ಯಾಲಿಡೇಷನ್‌ನ ಪಟ್ಟಿಗಳು, ಕಂಡೀಷನಲ್ ಫಾರ್ಮ್ಯಾಟಿಂಗ್‌ನ ನಿಯಮಗಳು ಮತ್ತು ಚಾರ್ಟ್‌ಗಳ ಸೀರೀಸ್ ಸೂತ್ರಗಳನ್ನು ಕ್ರಮವಾಗಿ ನೋಡಬೇಕು. ಚಾರ್ಟ್ ಒಂದನ್ನೇ ಪ್ರತ್ಯೇಕವಾಗಿ ಹೊಸ ಹಾಳೆಗೆ ಅಂಟಿಸಿದರೆ ಅದು ಹಳೆಯ ಹಾಳೆಯ ಅಂಕಿಗಳನ್ನೇ ಚಿತ್ರಿಸುತ್ತಿರುತ್ತದೆ ಎಂಬುದೂ ಗಮನದಲ್ಲಿರಲಿ.

ಇಂಡೈರೆಕ್ಟ್ ಬಳಸಿದ ಸೂತ್ರಗಳು

ಇಂಡೈರೆಕ್ಟ್ ಫಂಕ್ಷನ್ ವಿಳಾಸವನ್ನು ಪಠ್ಯವಾಗಿ ತೆಗೆದುಕೊಳ್ಳುತ್ತದೆ. ಎ1 ಸೆಲ್‌ನಲ್ಲಿ ಹಿಂದಿನ ತಿಂಗಳ ಹೆಸರನ್ನು ಬರೆದು =ಇಂಡೈರೆಕ್ಟ್("'"&ಎ1&"'!ಎಫ್40") ಎಂದರೆ, ಎ1 ಸೆಲ್‌ನ ಹೆಸರು ಬದಲಾದಂತೆ ಸೂತ್ರ ಬೇರೆ ಬೇರೆ ಹಾಳೆಯಿಂದ ಮೌಲ್ಯ ತರುತ್ತದೆ, ಹೆಸರಿನಲ್ಲಿ ಖಾಲಿ ಜಾಗವಿದ್ದರೂ ಕೆಡಬಾರದೆಂದು ಒಂಟಿ ಉದ್ಧರಣ ಚಿಹ್ನೆಗಳು ಇವೆ. ಮೇಲೆ ಹೇಳಿದ ತಿಂಗಳ ಹಾಳೆಗಳ ಸಮಸ್ಯೆಗೆ ಇದು ಒಂದು ಪರಿಹಾರವೇ. ಆದರೆ ಪಠ್ಯವಾದ್ದರಿಂದ ಹಾಳೆಯ ಹೆಸರು ಬದಲಾದರೆ #ರೆಫ್! ಬರುತ್ತದೆ, ಸಾಲು ಸೇರಿಸಿದರೆ ಎಫ್40 ಎಂಬುದು ಎಫ್41 ಆಗುವುದಿಲ್ಲ, ದೋಷದ ಸೂಚನೆಯೂ ಇಲ್ಲದೆ ಪಕ್ಕದ ಸಾಲಿನ ಮೌಲ್ಯ ಬರುತ್ತದೆ, ಹೊರಗಿನ ವರ್ಕ್‌ಬುಕ್ ಮುಚ್ಚಿದ್ದರೆ ಅದರಿಂದ ಓದಲೂ ಆಗುವುದಿಲ್ಲ. ಜೊತೆಗೆ, ಕಡತದಲ್ಲಿ ಎಲ್ಲಿ ಏನು ಬದಲಾದರೂ ಈ ಸೂತ್ರಗಳು ಮತ್ತೆ ಲೆಕ್ಕ ಹಾಕಲ್ಪಡುವುದರಿಂದ, ಸಾವಿರಾರು ಇದ್ದರೆ ಕಡತ ನಿಧಾನವಾಗುತ್ತದೆ. ಹಾಳೆಯ ರಚನೆ ಬದಲಾಗದು ಎಂಬ ಖಾತ್ರಿ ಇರುವಲ್ಲಿ, ಹಾಳೆಗೆ ಒಂದೆರಡು ಸೆಲ್‌ಗಳಿಗೆ ಮಾತ್ರ ಇದನ್ನು ಸೀಮಿತಗೊಳಿಸುವುದು ಲೇಸು.

ಗೂಗಲ್ ಶೀಟ್ಸ್ ಮತ್ತು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ

ಗೂಗಲ್ ಶೀಟ್ಸ್‌ನಲ್ಲಿ ಟ್ಯಾಬ್‌ನ ಮೆನುವಿನಿಂದ ‘ಕಾಪಿ ಟು’ ಆರಿಸಿ ಬೇರೆ ಸ್ಪ್ರೆಡ್‌ಶೀಟ್‌ಗೆ ಹಾಳೆಯನ್ನು ಕಳುಹಿಸಿದರೆ, ಎಕ್ಸೆಲ್‌ನಂತೆ ಹೊರಗಿನ ಕೊಂಡಿ ಉಂಟಾಗುವುದಿಲ್ಲ. ಸೂತ್ರದಲ್ಲಿರುವ ಹೆಸರಿನ ಹಾಳೆ ಅಲ್ಲಿ ಇಲ್ಲದಿದ್ದರೆ ನೇರವಾಗಿ #ರೆಫ್! ಬರುತ್ತದೆ. ಆ ಹೆಸರಿನ ಹಾಳೆಯನ್ನೂ ನಂತರ ಕಳುಹಿಸಿದರೆ ಅದು ‘ಕಾಪಿ ಆಫ್’ ಎಂಬ ಪೂರ್ವಪದದೊಂದಿಗೆ ಬರುವುದರಿಂದ ಹೆಸರು ಹೊಂದುವುದಿಲ್ಲ. ಹೆಸರನ್ನು ಮೂಲದಂತೆ ಬದಲಾಯಿಸಬೇಕು. ಅಷ್ಟಾದರೂ ದೋಷ ಹಾಗೆಯೇ ಉಳಿದಿದ್ದರೆ ಸೂತ್ರಗಳನ್ನು ಮತ್ತೊಮ್ಮೆ ನಮೂದಿಸಿದಂತೆ ಮಾಡಬೇಕು. ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಸೂತ್ರಗಳೊಳಗೂ ಹುಡುಕುವ ಆಯ್ಕೆಗೆ ಗುರುತು ಹಾಕಿ, ಸಮ ಚಿಹ್ನೆಯನ್ನು ಸಮ ಚಿಹ್ನೆಯಿಂದಲೇ ಬದಲಾಯಿಸುವುದು ಇದಕ್ಕೆ ಬಳಕೆಯಲ್ಲಿರುವ ದಾರಿ. ಸೂತ್ರಗಳು ಹೆಸರಿಸುವ ಹಾಳೆಗಳನ್ನು ಮೊದಲು ಕಳುಹಿಸಿ ಹೆಸರು ಸರಿಪಡಿಸಿ, ಸೂತ್ರಗಳಿರುವ ಹಾಳೆಯನ್ನು ಕೊನೆಗೆ ಕಳುಹಿಸಿದರೆ ಈ ತೊಡಕು ಕಡಿಮೆಯಾಗುತ್ತದೆ. ಇಂಪೋರ್ಟ್‌ರೇಂಜ್ (ಬೇರೆ ಸ್ಪ್ರೆಡ್‌ಶೀಟ್‌ನಿಂದ ಮೌಲ್ಯ ತರುವ ಫಂಕ್ಷನ್) ಬಳಸಿದ ಸೂತ್ರದಲ್ಲಿ #ರೆಫ್! ಬಂದರೆ ಸೆಲ್‌ನ ಮೇಲೆ ಪಾಯಿಂಟರ್ ಇಟ್ಟು ನೋಡಿ. ಹಲವು ವೇಳೆ ಅಲ್ಲಿ ‘ಅಲೌ ಆಕ್ಸೆಸ್’ ಎಂದು ಒತ್ತಿ ಅನುಮತಿ ಕೊಡುವುದಷ್ಟೇ ಬಾಕಿ ಇರುತ್ತದೆ.

ಕ್ಯಾಲ್ಕ್‌ನಲ್ಲಿ ಹಾಳೆಯ ಹೆಸರಿನ ಬಳಿಕ ಆಶ್ಚರ್ಯಸೂಚಕದ ಬದಲು ಚುಕ್ಕೆ ಇರುತ್ತದೆ, ಮತ್ತು ಹಾಳೆಯ ಹೆಸರಿಗೂ ಡಾಲರ್ ಚಿಹ್ನೆ ಹಾಕಬಹುದು. $ಶೀಟ್1.ಎ1 ಎಂದಿದ್ದರೆ ಹಾಳೆ ಸ್ಥಿರ. ಡಾಲರ್ ಇಲ್ಲದೆ ಶೀಟ್1.ಎ1 ಎಂದಿದ್ದರೆ ಹಾಳೆಯೂ ಸಾಪೇಕ್ಷ: ಎರಡನೆಯ ಹಾಳೆಯಲ್ಲಿರುವ ಆ ಸೂತ್ರವನ್ನು ಮೂರನೆಯ ಹಾಳೆಗೆ ನಕಲಿಸಿದರೆ ಅದು ಶೀಟ್2.ಎ1 ಆಗುತ್ತದೆ. ಹಿಂದಿನ ತಿಂಗಳ ಶಿಲ್ಕಿನಂಥ ಸೂತ್ರಗಳಿಗೆ ಇದು ನಿಜಕ್ಕೂ ಉಪಕಾರಿ. ದರಪಟ್ಟಿಯಂಥ ಸ್ಥಿರ ಹಾಳೆಯನ್ನು ತೋರಿಸುವ ಸೂತ್ರಗಳಿಗೆ ಅಷ್ಟೇ ಅಪಾಯಕಾರಿ. ಎಕ್ಸೆಲ್‌ಗೆ ಒಗ್ಗಿದವರು ಕ್ಯಾಲ್ಕ್‌ನಲ್ಲಿ ಕೆಲಸ ಮಾಡುವಾಗ ಮೊದಲು ನೋಡಬೇಕಾದುದು ಈ ಡಾಲರ್ ಚಿಹ್ನೆಯನ್ನೇ.

ನಕಲು ಸರಿಯಾಗಿದೆಯೇ ಎಂಬ ಪರೀಕ್ಷೆ

ದೋಷದ ಸಂದೇಶಗಳೆಲ್ಲ ಹೋದ ಮಾತ್ರಕ್ಕೆ ಹಾಳೆ ಸರಿಯಾಯಿತು ಎನ್ನಲಾಗದು. ನಕಲಿನಲ್ಲಿ ಒಂದು ನಮೂದನ್ನು ಎದ್ದು ಕಾಣುವ ದೊಡ್ಡ ಸಂಖ್ಯೆಗೆ ಬದಲಾಯಿಸಿ, ಅದೇ ಹಾಳೆಯ ಮೊತ್ತಗಳು ಕದಲುತ್ತವೆಯೇ ಎಂದು ನೋಡಿ. ಕದಲದಿದ್ದರೆ ಆ ಮೊತ್ತ ಬೇರೆಲ್ಲಿಂದಲೋ ಬರುತ್ತಿದೆ. ಅಥವಾ ಲೆಕ್ಕಾಚಾರ ಮ್ಯಾನ್ಯುಯಲ್ ಎಂದು ನಿಗದಿಯಾಗಿದ್ದು ಎಫ್9 ಒತ್ತಬೇಕಾಗಿದೆ. ನಂತರ ಆ ಬದಲಾವಣೆಯನ್ನು ಹಿಂದೆಗೆದು, ಮೂಲ ಹಾಳೆಯಲ್ಲಿ ಅದೇ ರೀತಿ ಒಂದು ನಮೂದನ್ನು ಬದಲಾಯಿಸಿ, ನಕಲಿನಲ್ಲಿ ಏನಾದರೂ ಕದಲುತ್ತದೆಯೇ ಎಂದು ನೋಡಿ. ಅವಲಂಬನೆ ಇರಬಾರದ ಕಡೆ ಕದಲಿದರೆ ಆ ಸೆಲ್ಲನ್ನು ಆಯ್ದು ಕಂಟ್ರೋಲ್ ಮತ್ತು [ ಒತ್ತಿದರೆ ಅದು ಅವಲಂಬಿಸಿದ ಸೆಲ್‌ಗೇ ಕರೆದೊಯ್ಯುತ್ತದೆ. ಈ ಎರಡು ದಿಕ್ಕಿನ ಪರೀಕ್ಷೆಯಲ್ಲಿ ಬಯಲಾಗದೆ ಉಳಿಯುವ ತಪ್ಪುಗಳು ಕಡಿಮೆ.

ಹಾಳೆಯನ್ನು ಅಳಿಸಿದ ನಂತರ #ರೆಫ್! ಬಂದ ಕಡತವನ್ನು ಉಳಿಸಿಬಿಟ್ಟಿದ್ದರೆ, ಸೂತ್ರಗಳಿಂದ ಕಳೆದುಹೋದ ಹಾಳೆಯ ಹೆಸರನ್ನು ಆ ಕಡತದೊಳಗಿಂದ ಮತ್ತೆ ಪಡೆಯಲು ಸಾಧ್ಯವಿಲ್ಲ. ಎಕ್ಸೆಲ್‌ನಲ್ಲಿ ಹಾಳೆ ಅಳಿಸಿದ್ದನ್ನು ಸಾಮಾನ್ಯವಾಗಿ ಅನ್‌ಡೂ ಮಾಡಲೂ ಆಗುವುದಿಲ್ಲ. ಇನ್ನೂ ಉಳಿಸಿಲ್ಲವಾದರೆ ಉಳಿಸದೆಯೇ ಮುಚ್ಚಿ ಮತ್ತೆ ತೆರೆಯಿರಿ. ಉಳಿಸಿದ್ದು ಒನ್‌ಡ್ರೈವ್‌ನಲ್ಲಾದರೆ ಅಥವಾ ಗೂಗಲ್ ಶೀಟ್ಸ್‌ನಲ್ಲಾದರೆ ‘ವರ್ಷನ್ ಹಿಸ್ಟರಿ’ಯಿಂದ ದೋಷ ಬರುವುದಕ್ಕೆ ಮುಂಚಿನ ಆವೃತ್ತಿಯನ್ನು ತೆರೆಯಬಹುದು. ಆಗ ಇಡೀ ಕಡತವನ್ನು ಹಿಂದಕ್ಕೆ ಒಯ್ದು ನಂತರದ ನಮೂದುಗಳನ್ನು ಕಳೆದುಕೊಳ್ಳುವ ಬದಲು, ಹಳೆಯ ಆವೃತ್ತಿಯನ್ನು ಪ್ರತ್ಯೇಕ ಪ್ರತಿಯಾಗಿ ಇಟ್ಟುಕೊಂಡು, ಅದರ ಫಾರ್ಮುಲಾ ಬಾರ್‌ನಿಂದ ಕೆಟ್ಟ ಸೂತ್ರಗಳ ಪಠ್ಯವನ್ನಷ್ಟೇ ಇಂದಿನ ಕಡತಕ್ಕೆ ತಂದು ಅಂಟಿಸಿ. ಹೀಗೆ ತಂದ ಪಠ್ಯದಲ್ಲಿ ಹಳೆಯ ಪ್ರತಿಯ ಕಡತದ ಹೆಸರು ಸೇರಿಕೊಳ್ಳುವುದಿಲ್ಲ, ಹಾಗಾಗಿ ಹೊಸ ಕೊಂಡಿಯೂ ಹುಟ್ಟುವುದಿಲ್ಲ.